ನಾ ಹಿಡಿದ ನಾಯಿಗೆ ಮೂರೇ ಕಾಲು

ಬಳಕೆದಾರರ ಕೈಪಿಡಿ. ಮೊದಲು ಪೂರ್ತಿ ಓದಿ. ಓದಿದ ಮೇಲೆ ನಾಯಿಯ ಬಾಯಿಗೆ ಎಟುಕದ ಎತ್ತರದಲ್ಲಿ ಇಡಿ.

ಮಾನ್ಯ ಗ್ರಾಹಕರೇ,

ಮೂರು ಕಾಲಿನ ಮಾದರಿಯನ್ನು ಮನೆಗೆ ತಂದಿದ್ದಕ್ಕೆ ಅಭಿನಂದನೆಗಳು. ಇದು ನೀವು ಆಸೆಪಟ್ಟು ಆರಿಸಿದ ಮಾದರಿಯಲ್ಲ ಎಂಬುದು ನಮಗೆ ಗೊತ್ತಿದೆ. ಸರಕಿನ ಆಟೋ ರಿವರ್ಸ್ ತೆಗೆದುಕೊಳ್ಳುವಾಗಲೋ, ಎಕ್ಸ್‌ರೇಯಲ್ಲಿ ಮೂಳೆಯ ಗಡ್ಡೆ ಕಂಡಾಗಲೋ ನಿಮ್ಮ ಹೆಸರಿನಲ್ಲಿ ಆರ್ಡರ್ ಬಿದ್ದಿರುತ್ತದೆ. ನಾಲ್ಕು ಕಾಲಿನದನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದಿರಿ, ಮೂರು ಕಾಲಿನದನ್ನು ರಸೀದಿಯ ಜೊತೆ ಕೊಟ್ಟರು. ಬದಲಾಯಿಸಿ ಕೊಡುವ ಸೌಲಭ್ಯ ಇಲ್ಲ.

ಮೈಸೂರಿನ ಒಂದು ಮನೆಯಲ್ಲಿ, ಕೆಂಚ ಎಂಬ ನಾಲ್ಕು ವರ್ಷದ, 15 ಕೆಜಿ ತೂಕದ ಬೀದಿ ತಳಿಯ ನಾಯಿಯ ಮೇಲೆ ಪರೀಕ್ಷಿಸಿ ಈ ಕೈಪಿಡಿಯನ್ನು ಸಿದ್ಧಪಡಿಸಲಾಗಿದೆ. ಅವನಿಗೆ ಬಲ ಹಿಂಗಾಲು ಇಲ್ಲ. ಪರೀಕ್ಷೆಯಲ್ಲಿ ಫೇಲಾದವರು ಯಾರೆಂಬುದು ಮುಂದಿನ ಪುಟಗಳಲ್ಲಿ ತಾನಾಗಿ ತಿಳಿಯುತ್ತದೆ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಾದಿಸುವವರನ್ನು ನೀವು ಕಂಡಿರುತ್ತೀರಿ. ಮೂರು ಕಾಲಿನ ನಾಯಿ ಸಾಕಿದವರು ಕಾಲಿನ ಲೆಕ್ಕದಲ್ಲಿ ತಪ್ಪುವುದಿಲ್ಲ. ಅವರ ಹಟವೆಲ್ಲ ನೋವಿನ ಲೆಕ್ಕದಲ್ಲಿ. ನಾವು ಕಂಡದ್ದೇ ನೋವು, ನಮಗೆ ಕಾಣದ್ದು ನೋವಲ್ಲ! ಈ ಕೈಪಿಡಿ ಇರುವುದು ಆ ಹಟ ಬಿಡಿಸಲು. ನಡೆಯುವುದು ಹೇಗೆಂದು ನಾಯಿಗೆ ಹೇಳಿಕೊಡುವ ಅಧ್ಯಾಯ ಇದರಲ್ಲಿ ಇಲ್ಲ. ಅದನ್ನು ಅದು ನಿಮ್ಮನ್ನು ಕೇಳದೇ ಕಲಿಯುತ್ತದೆ.

1. ಪೆಟ್ಟಿಗೆಯಲ್ಲಿ ಏನೇನಿದೆ

ನಾಯಿ, 1. ಕಾಲು, 3. ಬಾಲ, 1 (ಡೊಂಕು, ನೆಟ್ಟಗೆ ಮಾಡಲು ಹೋಗಬೇಡಿ, ಇನ್ನು ಮುಂದೆ ಸಮತೋಲನದ ಕೆಲಸವೂ ಅದರ ಪಾಲಿಗೆ). ಬೋಳಿಸಿದ ಸೊಂಟ, ಅರ್ಧ. ಹೊಲಿಗೆಯ ಸಾಲು, 1. ಕೊರಳಿಗೆ ಕಟ್ಟುವ ಪ್ಲಾಸ್ಟಿಕ್ ಆಲಿಕೆ, 1. ಮಾತ್ರೆಗಳ ಕಾಗದದ ಚೀಲ, 1.

ಬೋಳಿಸಿದ ಜಾಗ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ರಕ್ತ ಕಂದಿದ ಗುರುತು ಅದು. ಮೊದಲೆರಡು ದಿನ ಇನ್ನೂ ಕೆಳಕ್ಕೆ ಹರಡುತ್ತದೆ, ಆಮೇಲೆ ಹಳದಿಯಾಗಿ ಮಾಯವಾಗುತ್ತದೆ. "ಪೆಟ್ಟು ಬಿದ್ದದ್ದು ಮೊಣಕಾಲಿನ ಕೆಳಗಲ್ಲವೇ, ತೊಡೆಯ ತನಕ ಯಾಕೆ ತೆಗೆದರು?" ಎಂದು ಮನೆಗೆ ಬಂದವರೆಲ್ಲ ಕೇಳುತ್ತಾರೆ. ಅರ್ಧ ಕಾಲು ಉಳಿಸಿದರೆ ನಾಯಿ ಅದನ್ನು ಊರಲು ಹೋಗುತ್ತದೆ. ಪ್ರತಿ ಹೆಜ್ಜೆಗೂ ನೆಲಕ್ಕೆ ಬಡಿದು ಗಾಯ ಮಾಡಿಕೊಳ್ಳುತ್ತದೆ. ಅದಕ್ಕೇ ಹಿಂಗಾಲನ್ನು ತೊಡೆಮೂಳೆಯ ಮೇಲ್ಭಾಗದಲ್ಲೋ ಸೊಂಟದ ಕೀಲಿನಲ್ಲೋ ಕತ್ತರಿಸುತ್ತಾರೆ, ಮುಂಗಾಲನ್ನು ಸಾಮಾನ್ಯವಾಗಿ ಹೆಗಲಹಲಗೆಯ ಸಮೇತ ತೆಗೆಯುತ್ತಾರೆ. "ಜೈಪುರ ಕಾಲು ಹಾಕಿಸಬಹುದಿತ್ತು" ಎನ್ನುವವರಿಗೂ ಇದೇ ಉತ್ತರ: ಸಿಕ್ಕಿಸಲು ಅಲ್ಲಿ ಗೂಟವೇ ಇಲ್ಲ.

ನಾಯಿಯ ಮೈಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲಿರುತ್ತದೆ, 40 ಪಾಲು ಹಿಂಗಾಲುಗಳ ಮೇಲೆ. ಆದ್ದರಿಂದ ಹಿಂಗಾಲು ಕಳೆದುಕೊಂಡ ಮಾದರಿಯನ್ನು ನಿಭಾಯಿಸುವುದು ಸ್ವಲ್ಪ ಸುಲಭ. ಕೆಂಚನ ಅದೃಷ್ಟ ಎಂದು ಹೇಳಬೇಕಾದ ವಿಷಯ ಇದೊಂದೇ.

ಆಲಿಕೆಯ ಬಗ್ಗೆ: ಇದರ ಹೆಸರು ಎಲಿಜಬೆತನ್ ಕಾಲರ್. ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ದೊಡ್ಡ ಮನುಷ್ಯರು ಕತ್ತಿನ ಸುತ್ತ ನೆರಿಗೆಪಟ್ಟಿ ಕಟ್ಟಿಕೊಂಡು ಮೆರೆಯುತ್ತಿದ್ದರಲ್ಲ, ಅದರ ನೆನಪಿಗೆ. ನಾಯಿಗೆ ಆ ಚರಿತ್ರೆಯ ಬಗ್ಗೆ ಹೆಮ್ಮೆ ಇಲ್ಲ. ಬಾಗಿಲ ಚೌಕಟ್ಟು, ನಿಮ್ಮ ಮೊಣಕಾಲು, ಅಮ್ಮನ ತುಳಸಿಕಟ್ಟೆ, ಎಲ್ಲಕ್ಕೂ ಡಿಕ್ಕಿ ಹೊಡೆದು ಕೊನೆಗೆ ನಿಮ್ಮ ಮುಖ ನೋಡುತ್ತದೆ. ಬಿಚ್ಚಬೇಡಿ. ಹೊಲಿಗೆ ತೆಗೆಯಲು 10ರಿಂದ 14 ದಿನ ಬೇಕು, ನೆಕ್ಕಿ ಹರಿದುಕೊಳ್ಳಲು ಐದು ನಿಮಿಷ ಸಾಕು.

2. ಸ್ಥಾಪನೆ

ಉಪಕರಣವನ್ನು ಸಮತಟ್ಟಾದ, ಜಾರದ ನೆಲದ ಮೇಲೆ ಇಡತಕ್ಕದ್ದು.

ಈ ವಾಕ್ಯ ಬರೆಯುವುದು ಸುಲಭ. ನಮ್ಮ ಮನೆಯದು ರೆಡ್ ಆಕ್ಸೈಡ್ ನೆಲ. ನಲವತ್ತು ವರ್ಷ ಎಣ್ಣೆ ಕುಡಿಸಿ, ಉಜ್ಜಿ, ಮುಖ ನೋಡಿಕೊಂಡು ತಲೆ ಬಾಚಬಹುದಾದಷ್ಟು ಹೊಳಪು ಬರಿಸಿದ್ದು ಅಮ್ಮ. ಆ ಹೊಳಪಿನ ಮೇಲೆ ಕೆಂಚ ಮೊದಲ ಹೆಜ್ಜೆ ಇಟ್ಟಾಗ ಇದ್ದ ಒಂದೇ ಹಿಂಗಾಲು ಹೊರಕ್ಕೆ ಜಾರಿತು. ಮೊದಲ ಉಪಾಯವಾಗಿ ಜಮಖಾನ ಹಾಸಿದೆವು. ಕೆಂಚ ಅದರ ಮೇಲೆ ಕಾಲಿಟ್ಟ ಕೂಡಲೇ ಜಮಖಾನ ಅವನನ್ನು ಕೂರಿಸಿಕೊಂಡು ನಡುಮನೆಯಿಂದ ಅಡುಗೆಮನೆಯವರೆಗೆ ಹೊರಟಿತು. ಕೊನೆಗೆ ನಿಂತದ್ದು ಅಡಿಯಲ್ಲಿ ರಬ್ಬರ್ ಇರುವ ಕಾಲೊರಸುಗಳು ಮತ್ತು ನಾನು ಒಂದು ಜನವರಿಯಲ್ಲಿ ಕೊಂಡು ಫೆಬ್ರವರಿಯಲ್ಲಿ ಮರೆತಿದ್ದ ಯೋಗ ಮ್ಯಾಟು. ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹಿತ್ತಲಿನ ಬಾಗಿಲಿಗೆ ದ್ವೀಪ ದ್ವೀಪವಾಗಿ ಹಾಸಿ. ಅಂಗಾಲಿನ ಬೆರಳುಗಳ ಸಂದಿಯ ಕೂದಲು ಬೆಳೆದಿದ್ದರೆ ಕತ್ತರಿಸಿ, ಉಗುರು ಮೊಟಕು ಮಾಡಿ. ಮೆಟ್ಟಿಲಿಗೆ ಅಡ್ಡ ಕುರ್ಚಿ ಇಡಿ. ಸೋಫಾ ಹತ್ತುವುದು, ಇಳಿಯುವುದು, ಗೇಟಿಗೆ ಓಡುವುದು ಕೆಲವು ವಾರ ನಿಷಿದ್ಧ. ಹೊರಗೆ ಹೋದರೆ ಹಗ್ಗ ಕೈಯಲ್ಲಿರಲಿ.

ಮೊದಲ ದಿನಗಳಲ್ಲಿ ಎಬ್ಬಿಸಲು ಅಪ್ಪನ ಹಳೆಯ ಪಂಚೆಯನ್ನು ಉದ್ದಕ್ಕೆ ಮಡಚಿ ಹೊಟ್ಟೆಯ ಕೆಳಗೆ, ಹಿಂಗಾಲಿನ ಮುಂದೆ ಹಾಯಿಸಿ ಎರಡು ತುದಿ ಹಿಡಿಯಿರಿ. ಗಂಡು ನಾಯಿಯಾದರೆ ಉಚ್ಚೆಯ ಜಾಗಕ್ಕೆ ಒತ್ತು ಬೀಳದಿರಲಿ. ಎತ್ತಬೇಡಿ, ಬೀಳದಂತೆ ಹಿಡಿಯಿರಿ ಸಾಕು. ಬಹುಪಾಲು ನಾಯಿಗಳು ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನಗಳಲ್ಲೇ ಎದ್ದು ನಿಲ್ಲುತ್ತವೆ. ನಾವು ನಾಲ್ಕನೆಯ ದಿನವೂ ಪಂಚೆ ಹಿಡಿದು ಹಿಂದೆ ಓಡುತ್ತಿದ್ದೆವು, ಕೆಂಚ ಮುಂದೆ ಓಡುತ್ತಿದ್ದ. ಪಂಚೆ ಬೇಕಾಗಿದ್ದದ್ದು ನಮಗೆ.

3. ಮೊದಲ ರಾತ್ರಿಯ ಸದ್ದು

ಉಪಕರಣ ಮೊದಲ ರಾತ್ರಿ ಸದ್ದು ಮಾಡಬಹುದು.

ಕೆಂಚ ರಾತ್ರಿ ಹನ್ನೊಂದಕ್ಕೆ ಶುರು ಮಾಡಿದ. ಒಂದೇ ಶ್ರುತಿಯಲ್ಲಿ, ಉಸಿರಿಗೂ ನಿಲ್ಲಿಸದೆ. ಅಮ್ಮ ಅತ್ತರು, ನಾನು ತಲೆ ಸವರಿದೆ, ತಂಗಿ ರಾಯರ ಫೋಟೋ ಮುಂದೆ ದೀಪ ಹಚ್ಚಿದಳು. ನೋವು ತಡೆಯಲಾಗುತ್ತಿಲ್ಲ ಎಂದು ಮೂವರೂ ತೀರ್ಮಾನಿಸಿ ಡಾಕ್ಟರಿಗೆ ಫೋನ್ ಮಾಡಿದೆವು. ಅವರು ಕೇಳಿದ್ದು ಮೂರೇ ಪ್ರಶ್ನೆ. ಹೆಸರು ಹಿಡಿದು ಕರೆದರೆ ನಿಮ್ಮತ್ತ ನೋಡುತ್ತಾನಾ? ಸವರಿದರೆ ಕೂಗು ತಗ್ಗುತ್ತದಾ? ಗಾಯದ ಪಕ್ಕ ಮೆಲ್ಲಗೆ ಒತ್ತಿದರೆ ಹೆಚ್ಚುತ್ತದಾ? ಮೂರಕ್ಕೂ ಇಲ್ಲ. "ಹಾಗಾದರೆ ಅವನು ಇಲ್ಲಿಲ್ಲ. ಔಷಧಿಯ ಅಮಲಿನಲ್ಲಿದ್ದಾನೆ" ಎಂದರು. ಮಾರ್ಫಿನ್ ಜಾತಿಯ ಬಲವಾದ ನೋವುನಿವಾರಕಗಳು ಕೆಲವು ನಾಯಿಗಳಿಗೆ ತಲೆ ಗೊಂದಲ ಮಾಡುತ್ತವೆ. ಎಲ್ಲಿದ್ದೇನೆಂದು ತಿಳಿಯದೆ ಅವು ಊಳಿಡುತ್ತವೆ. ದೀಪ ಆರಿಸಿ, ಸುಮ್ಮನೆ ಪಕ್ಕದಲ್ಲಿ ಕೂತಿರಿ ಎಂದರು. ಬೆಳಗಿನ ಜಾವಕ್ಕೆ ಕೆಂಚ ವಾಪಸು ಬಂದ.

ಈ ವ್ಯತ್ಯಾಸವನ್ನು ನೀವೇ ನಿರ್ಧರಿಸಬೇಡಿ. ಫೋನ್ ಮಾಡಿ, ಆ ಮೂರು ಪ್ರಶ್ನೆಗೆ ಉತ್ತರ ಸಿದ್ಧ ಇಟ್ಟುಕೊಂಡು ಮಾಡಿ. ನಮ್ಮ ಪರೀಕ್ಷಾ ತಂಡದ ಅಂಕ ಇಲ್ಲಿಗೆ ಸೊನ್ನೆ: ಮನೆಯೆಲ್ಲ ಕಣ್ಣೀರಾದ ಆ ರಾತ್ರಿ ಅವನಿಗೆ ಅಷ್ಟೇನೂ ನೋವಿರಲಿಲ್ಲ.

4. ಪೂರೈಕೆ

ನೋವಿನ ಮಾತ್ರೆಯನ್ನು ಗಡಿಯಾರ ನೋಡಿ ಕೊಡಿ, ನಾಯಿಯ ಮುಖ ನೋಡಿ ಅಲ್ಲ. ನೋವು ಕಂಡ ಮೇಲೆ ಕೊಡೋಣ ಎಂದು ಕಾಯುವುದು ಓವರ್‌ಹೆಡ್ ಟ್ಯಾಂಕ್ ಬರಿದಾದ ಮೇಲೆ ಮೋಟರ್ ಹಾಕಿದ ಹಾಗೆ. ನೀರು ಬಂದೇ ಬರುತ್ತದೆ, ಅಲ್ಲಿಯವರೆಗೆ ಸೋಪು ಹಚ್ಚಿಕೊಂಡು ನಿಂತಿರಬೇಕು. ಇನ್ನೊಂದು ಕಾರಣವೂ ಇದೆ. ನೋವಿನ ಸುದ್ದಿ ಒಂದೇ ಸಮ ಬರುತ್ತಿದ್ದರೆ ಬೆನ್ನುಹುರಿಯ ನರಗಳು ಅದಕ್ಕೆ ಪಳಗಿ, ಸಣ್ಣ ಮುಟ್ಟುವಿಕೆಯನ್ನೂ ದೊಡ್ಡ ನೋವೆಂದು ಮಿದುಳಿಗೆ ಚಾಡಿ ಹೇಳಲು ಶುರು ಮಾಡುತ್ತವೆ. ಒಮ್ಮೆ ಆ ಚಟ ಹತ್ತಿದರೆ ಬಿಡಿಸುವುದು ಕಷ್ಟ. ಅದಕ್ಕೇ ಒಳ್ಳೆಯ ಶಸ್ತ್ರವೈದ್ಯರು ಕತ್ತಿ ಇಡುವ ಮುನ್ನವೇ ನೋವುನಿವಾರಕ ಕೊಟ್ಟಿರುತ್ತಾರೆ, ನರವನ್ನು ಮರಗಟ್ಟಿಸಿ ಆಮೇಲೆ ಕತ್ತರಿಸುತ್ತಾರೆ.

ಚೀಲದಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಮಾತ್ರೆ ಇರುತ್ತದೆ. ಡಾಕ್ಟರು ಕೈತಪ್ಪಿ ಬರೆದದ್ದಲ್ಲ. ಮೆಲಾಕ್ಸಿಕಾಮ್ ಜಾತಿಯದು ಊತ, ಉರಿಯನ್ನು ತಡೆಯುತ್ತದೆ. ಗ್ಯಾಬಪೆಂಟಿನ್ ಕತ್ತರಿಸಿದ ನರದ ಕಿರಿಕಿರಿಗೆ. ಊರಿಗೆ ನಾಲ್ಕು ದಾರಿಯಿದ್ದರೆ ನಾಲ್ಕರಲ್ಲೂ ನಾಕಾಬಂದಿ ಹಾಕಬೇಕು, ಒಂದರಲ್ಲಿ ಹಾಕಿದರೆ ಕಳ್ಳ ಇನ್ನೊಂದರಲ್ಲಿ ಬರುತ್ತಾನೆ. ಮೆಲಾಕ್ಸಿಕಾಮನ್ನು ಊಟದ ಜೊತೆಗೇ ಕೊಡಿ. ವಾಂತಿಯಾದರೆ, ಊಟ ಬಿಟ್ಟರೆ, ಮಲ ಡಾಂಬರಿನಂತೆ ಕಪ್ಪಾದರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೇಳಿ. ಗ್ಯಾಬಪೆಂಟಿನ್ ತಿಂದ ನಾಯಿ ಮೊದಲೆರಡು ದಿನ ಹಬ್ಬದ ಮರುದಿನದ ಮಾವನಂತೆ ತೂಗಾಡುತ್ತದೆ. ಮೂರು ಕಾಲಿನಲ್ಲಿ ತೂಗಾಡುವುದು ನೋಡಲು ಭಯ. ಕಾಲೊರಸುಗಳ ಪಕ್ಕ ಇರಿ.

ಮಾತ್ರೆ ನುಂಗಿಸುವ ವಿಧಾನ: ಬಾಳೆಹಣ್ಣಿನಲ್ಲಿ ಇಟ್ಟರೆ ಕೆಂಚ ಹಣ್ಣು ತಿಂದು ಮಾತ್ರೆಯನ್ನು ಒಗೆದು ಒಣಗಿಸಿದಷ್ಟು ಚೊಕ್ಕಟವಾಗಿ ಹೊರಗಿಡುತ್ತಿದ್ದ. ಇಡ್ಲಿಯಲ್ಲೂ ಅಷ್ಟೇ. ಗೆದ್ದದ್ದು ರಾಗಿಮುದ್ದೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬ ಹಳೇ ಮೈಸೂರಿನ ಶಿಷ್ಟಾಚಾರವನ್ನು ನಾಯಿ ಕಲಿಯಬೇಕಾಗಿಲ್ಲ, ಹುಟ್ಟಿನಿಂದಲೇ ಬಂದಿದೆ. ಆರಿದ ಮುದ್ದೆಯ ಮೂರು ಗೋಲಿ ಮಾಡಿ. ಮೊದಲನೆಯದು ಖಾಲಿ, ನಂಬಿಕೆಗಾಗಿ. ಎರಡನೆಯದರಲ್ಲಿ ಮಾತ್ರೆ. ಮೂರನೆಯದನ್ನು ಕಣ್ಣೆದುರು ಹಿಡಿದಿರಿ. ಅದರ ಆಸೆಗೆ ಎರಡನೆಯದು ಸರಕ್ಕನೆ ಇಳಿಯುತ್ತದೆ. ಸಾರಿನಲ್ಲಿ ಅದ್ದಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ವಿಷ.

5. ಎಚ್ಚರಿಕೆ: ಹೊರಗಿನ ಬಿಡಿಭಾಗ ಬಳಸಬೇಡಿ

ಆಪರೇಷನ್ ಆದದ್ದು ಬೆಂಗಳೂರಿನಲ್ಲಿ. ಮರಳುವಾಗ ಕಾರಿನ ಹಿಂದಿನ ಸೀಟಿನಲ್ಲಿ ಕೆಂಚ ಆಲಿಕೆಯೊಳಗೆ ಗೊರಕೆ ಹೊಡೆಯುತ್ತಿದ್ದ. ರಾಮನಗರದ ಬಂಡೆಗಳು ಕಾಣುವ ಹೊತ್ತಿಗೆ ಅಮ್ಮನ ಫೋನು. "ನನ್ನ ಮಂಡಿನೋವಿನ ಮಾತ್ರೆ ಮನೆಯಲ್ಲಿದೆ. ದಾರಿಯಲ್ಲಿ ಖರ್ಚು ಮಾಡಬೇಡ."

ಆ ಮಾತ್ರೆ ಡೈಕ್ಲೊಫೆನಾಕ್. ಕರೆ ಬಂದ ಜಾಗ ನೋಡಿ ನಾನು ಬೆಚ್ಚಿದೆ. ರಾಮನಗರದ ರಾಮದೇವರ ಬೆಟ್ಟದ ಬಂಡೆಗಳು ಉದ್ದಕೊಕ್ಕಿನ ರಣಹದ್ದುಗಳ ಗೂಡಿನ ತಾಣ. 2012ರಲ್ಲಿ ಅದನ್ನು ರಣಹದ್ದು ಧಾಮವೆಂದು ಘೋಷಿಸಿದರು. ದೇಶದ ರಣಹದ್ದುಗಳನ್ನು ಬಹುಪಾಲು ಮುಗಿಸಿದ್ದು ಇದೇ ಡೈಕ್ಲೊಫೆನಾಕ್. ನೋವಿಗೆಂದು ದನಕ್ಕೆ ಚುಚ್ಚಿದ್ದು ದನ ಸತ್ತ ಮೇಲೂ ಅದರ ಮೈಯಲ್ಲಿ ಉಳಿಯಿತು. ಆ ಹೆಣ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟಿತು. 2006ರಲ್ಲಿ ಭಾರತ ಸರ್ಕಾರ ಪ್ರಾಣಿಗಳಿಗೆ ಅದರ ಬಳಕೆ ನಿಷೇಧಿಸಿತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್‌ಗಳೂ ಆ ಪಟ್ಟಿ ಸೇರಿದವು. ಬದಲಿಗೆ ಹದ್ದುಗಳಿಗೆ ಸುರಕ್ಷಿತವೆಂದು ತೋರಿಬಂದದ್ದು ಮೆಲಾಕ್ಸಿಕಾಮ್. ಕೆಂಚನ ಚೀಲದಲ್ಲಿದ್ದದ್ದೂ ಅದೇ. ಒಬ್ಬರ ನೋವು ಕಳೆಯುವ ಮಾತ್ರೆ ಇನ್ನೊಬ್ಬರಿಗೂ ಕಳೆಯುತ್ತದೆ ಎಂಬ ಹಟಕ್ಕೆ ಏನು ಬೆಲೆ ತೆರಬೇಕಾಗುತ್ತದೆ ಎಂದು ಆ ಬಂಡೆಗಳಿಗಿಂತ ಚೆನ್ನಾಗಿ ಹೇಳುವವರಿಲ್ಲ.

ಡೈಕ್ಲೊಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಜ್ವರದ ಪ್ಯಾರಸಿಟಮಾಲ್ ಅಳತೆ ಮೀರಿದರೆ ಯಕೃತ್ತಿಗೆ ಏಟು. ಬೆಕ್ಕಿಗಂತೂ ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. "ಮೆಲಾಕ್ಸಿಕಾಮ್ ಮನುಷ್ಯರದ್ದೂ ಸಿಗುತ್ತದಲ್ಲ?" ಸಿಗುತ್ತದೆ, 15 ಮಿಲಿಗ್ರಾಮಿನ ಮಾತ್ರೆ. ಮೊದಲ ದಿನ ಕಳೆದ ಮೇಲೆ ನಾಯಿಗೆ ಸಾಮಾನ್ಯವಾಗಿ ದಿನಕ್ಕೆ, ಮೈತೂಕದ ಕೆಜಿಗೆ 0.1 ಮಿಲಿಗ್ರಾಂ ಎಂದು ಲೆಕ್ಕ. 15 ಕೆಜಿ ಕೆಂಚನಿಗೆ 1.5 ಮಿಲಿಗ್ರಾಂ. ನಿಮ್ಮ ಒಂದು ಮಾತ್ರೆ ಅವನ ಹತ್ತು ದಿನದ ಪಡಿ. ಮನುಷ್ಯರ ಗ್ಯಾಬಪೆಂಟಿನ್ ಸಿರಪ್ಪಿನಲ್ಲಿ ಸಿಹಿಗೆಂದು ಕೆಲವೊಮ್ಮೆ ಝೈಲಿಟಾಲ್ ಬೆರೆಸಿರುತ್ತಾರೆ, ನಾಯಿಗೆ ಅದೂ ವಿಷ.

ಪಕ್ಕದ ಮನೆಯವರು ತರುವ ಅರಿಶಿನ, ಬೇವಿನೆಣ್ಣೆ, ಯಾರದೋ ಊರಿನ ಮುಲಾಮು: ವಂದನೆಗಳೊಂದಿಗೆ ಸ್ವೀಕರಿಸಿ, ಅಡುಗೆಮನೆಯಲ್ಲಿಡಿ. ಹೊಲಿಗೆಗೆ ಹಚ್ಚಬೇಡಿ. ತಣ್ಣನೆಯ ಒತ್ತು ಕೊಡಬಹುದು, ಡಾಕ್ಟರು ಒಪ್ಪಿದರೆ, ಮೊದಲೆರಡು ಮೂರು ದಿನ, ಸಲಕ್ಕೆ ಹತ್ತು ನಿಮಿಷ. ಫ್ರೀಜರಿನಲ್ಲಿದ್ದ ಹಿದುಕಿದ ಅವರೆಬೇಳೆ ಪ್ಯಾಕೆಟ್ಟನ್ನು ಟವೆಲಿನಲ್ಲಿ ಸುತ್ತಿದರೆ ಸೊಂಟದ ಆಕಾರಕ್ಕೆ ಸರಿಯಾಗಿ ಕೂರುತ್ತದೆ. ಆಮೇಲೆ ಆ ಪ್ಯಾಕೆಟ್ಟಿನ ಸಾರು ಯಾರಿಗೆ ಬಡಿಸಿದಿರಿ ಎಂಬುದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

6. ಮೀಟರ್ ಓದುವ ಕ್ರಮ

ನೋವು ಅಳೆಯುವ ಮೀಟರು ನಾಯಿಯ ಹೊರಮೈಯಲ್ಲಿ ಎಲ್ಲೂ ಕಾಣಿಸುವುದಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದವರು ಇದಕ್ಕೊಂದು ಅಂಕಪಟ್ಟಿ ಮಾಡಿದ್ದಾರೆ. ಆರು ವಿಷಯ: ಸದ್ದು, ಗಾಯದ ಕಡೆಗಿನ ಗಮನ, ನಡಿಗೆ, ಮುಟ್ಟಿದಾಗಿನ ಪ್ರತಿಕ್ರಿಯೆ, ಮನಸ್ಥಿತಿ, ಮೈಯ ಭಂಗಿ. ಒಟ್ಟು ಅಂಕ 24. ಶಾಲೆಯ ಪದ್ಧತಿಗೆ ತದ್ವಿರುದ್ಧ, ಇಲ್ಲಿ ಹೆಚ್ಚು ಅಂಕ ತೆಗೆದವನೇ ಕಷ್ಟದಲ್ಲಿರುವವನು. 6 ಮುಟ್ಟಿದರೆ ಔಷಧಿ ಸಾಲದು ಎಂದರ್ಥ. ಗಮನಿಸಿ: ಆರರಲ್ಲಿ ಸದ್ದಿಗೆ ಸಿಕ್ಕಿರುವುದು ಒಂದೇ ವಿಷಯ. ನಾವು ಮೂರೂ ಮಂದಿ ಅದೊಂದನ್ನೇ ಓದಿ ಪರೀಕ್ಷೆಗೆ ಕೂತಿದ್ದೆವು.

ಎರಡನೆಯ ವಾರದಲ್ಲಿ ಕೆಂಚ ಒಳ್ಳೆಯವನಾದ. ಸಿಲಿಂಡರಿನವನು ಬಂದರೆ ಬೊಗಳಲಿಲ್ಲ. ಚಪ್ಪಲಿ ಇಟ್ಟಲ್ಲೇ ಇತ್ತು. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಕರೆದರೆ ಬಾಲದ ತುದಿಯನ್ನಷ್ಟೇ ಒಮ್ಮೆ ಆಡಿಸುತ್ತಿದ್ದ. "ಪಾಪ, ಸಾಧುವಾಗಿಬಿಟ್ಟಿದ್ದಾನೆ. ಪೆಟ್ಟು ಬಿದ್ದ ಮೇಲೆ ಬುದ್ಧಿ ಬಂತು" ಎಂದರು ಅಮ್ಮ. ನಾನೂ ಹೌದೆಂದೆ. ಮೂರು ದಿನ ನಾವು ಆ ಸಾಧುತನವನ್ನು ಬಂದವರಿಗೆಲ್ಲ ಹೊಗಳಿ ಹೇಳಿದೆವು.

ಆದ್ದರಿಂದ ಮನೆಯಲ್ಲಿ ಬಳಸಲು ಸರಳ ಮೀಟರು: ಮಾಡುತ್ತಿದ್ದ ತಂಟೆಗಳಲ್ಲಿ ಯಾವುದನ್ನು ಬಿಟ್ಟಿದ್ದಾನೆ ಎಂದು ಪಟ್ಟಿ ಮಾಡಿ. ಸೆಕೆಯಿಲ್ಲದೆ ಏದುಸಿರು, ಮಲಗಲು ಹೋಗಿ ಮತ್ತೆ ಏಳುವುದು, ನಡುಕ, ಹಿಂದಕ್ಕೆ ಮಡಚಿದ ಕಿವಿ, ಮುಟ್ಟುವ ಮೊದಲೇ ತಿರುಗಿ ನೋಡುವುದು, ಇವೆಲ್ಲ ಆ ಪಟ್ಟಿಯ ಎರಡನೆಯ ಪುಟ. ಅಳು ಎಲ್ಲಕ್ಕಿಂತ ಕೊನೆಗೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. ಸಾಧುತನಕ್ಕೆ ಕಾರಣ ಏನಿತ್ತು ಎಂಬುದು 8ನೆಯ ಅಧ್ಯಾಯದಲ್ಲಿದೆ. ಅದಕ್ಕೆ ಮೊದಲು ಸ್ವಲ್ಪ ಓಡಾಡಿ ಬರೋಣ.

7. ಚಾಲನೆ

ನಾಯಿಗೆ ಕೆಲಸವಿಲ್ಲ, ನಿಲ್ಲಲು ಪುರುಸೊತ್ತಿಲ್ಲ ಎನ್ನುವ ಗಾದೆ ಮೂರು ಕಾಲಿನ ಮಾದರಿಗೇ ಬರೆದಂತಿದೆ. ಇದಕ್ಕೆ ಓಡುವುದು ಸಲೀಸು, ನಿಧಾನ ನಡೆಯುವುದು ಕಷ್ಟ, ಸುಮ್ಮನೆ ನಿಲ್ಲುವುದು ಇನ್ನೂ ಕಷ್ಟ. ವೇಗ ಇದ್ದಾಗ ಸೈಕಲ್ಲು ಬೀಳುವುದಿಲ್ಲವಲ್ಲ, ಹಾಗೆ. ಹಾಗೆಂದು ಓಡಿಸಬೇಡಿ, ಮೊದಲ ವಾರಗಳಲ್ಲಿ ಐದೈದು ನಿಮಿಷದ ನಡಿಗೆ, ದಿನಕ್ಕೆ ಮೂರು ನಾಲ್ಕು ಸಲ. ನೀವು ಪರಿಚಿತರ ಜೊತೆ ಮಾತಿಗೆ ನಿಂತರೆ ಅದು ಕೂರಲಿ. ಕೂತಿದ್ದಕ್ಕೆ "ಸೋತುಹೋದ" ಎಂದು ಮರುಗಬೇಡಿ, ಮಾತು ಬೇಗ ಮುಗಿಸಿ. ಸಾಮಾನ್ಯವಾಗಿ ಒಂದು ತಿಂಗಳೊಳಗೆ ನಾಯಿ ತನ್ನ ಹೊಸ ಲೆಕ್ಕ ಮುಗಿಸುತ್ತದೆ.

ವಿಶೇಷ ಸೌಲಭ್ಯ: ಗಂಡು ನಾಯಿ ಕಂಬಕ್ಕೆ ಬಲಗಾಲು ಎತ್ತುವುದಾಗಿದ್ದರೆ, ಆ ಕಾಲು ಈಗ ಶಾಶ್ವತವಾಗಿ ಎತ್ತಿಯೇ ಇದೆ. ಮೊದಲ ದಿನ ಕಂಬ ಎಡಕ್ಕೆ ಸಿಕ್ಕಿತು. ಕೆಂಚ ಅಭ್ಯಾಸಬಲದಿಂದ ಎಡಗಾಲು ಎತ್ತಿದ. ಒಂದು ಕ್ಷಣ ಮುಂಗಾಲ ಮೇಲೆ ಸರ್ಕಸ್ಸಿನವನಂತೆ ನಿಂತು, ನಂತರ ಮಣ್ಣಿನ ಮೇಲೆ ಕೂತ. ನನಗೆ ಗಂಟಲು ಕಟ್ಟಿತು. ಅವನು ಎದ್ದು, ಕಂಬವನ್ನು ಒಂದು ಸುತ್ತು ಹಾಕಿ, ಬಲಕ್ಕೆ ಬರುವಂತೆ ಮಾಡಿಕೊಂಡು ಕೆಲಸ ಮುಗಿಸಿದ. ಗಂಟಲು ಕಟ್ಟಿದ್ದು ಅವನ ಗಮನಕ್ಕೆ ಬರಲಿಲ್ಲ.

8. ಇಲ್ಲದ ಭಾಗ ಕೊಡುವ ತೊಂದರೆ

ಉಪಕರಣದಲ್ಲಿ ಇಲ್ಲದ ಭಾಗ ಕೆಟ್ಟುಹೋಗಬಹುದೇ? ಹೋಗಬಹುದು.

1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗೆ ಇಲ್ಲದ ಬೆರಳು ನೋಯುತ್ತಿತ್ತು, ಇಲ್ಲದ ಪಾದ ತುರಿಸುತ್ತಿತ್ತು. ಅವರಿಗೆ ಚಿಕಿತ್ಸೆ ಕೊಟ್ಟ ಸೈಲಸ್ ವಿಯರ್ ಮಿಚೆಲ್ 1871ರಲ್ಲಿ ಅದನ್ನು ಭೂತದ ಅಂಗ ಎಂದು ಕರೆದ. ಕಾಲು ಹೋದರೂ ಮಿದುಳಿನ ಕಡತದಲ್ಲಿ ಅದರ ಖಾತೆ ಮುಚ್ಚಿರುವುದಿಲ್ಲ, ಕತ್ತರಿಸಿದ ನರದ ತುದಿ ಅದೇ ಖಾತೆಗೆ ಸುಳ್ಳು ಬಿಲ್ಲು ಕಳಿಸುತ್ತಲೇ ಇರುತ್ತದೆ. 1990ರ ದಶಕದಲ್ಲಿ ವಿ. ಎಸ್. ರಾಮಚಂದ್ರನ್ ಕನ್ನಡಿಯ ಪೆಟ್ಟಿಗೆ ಮಾಡಿ, ಇರುವ ಕೈಯ ಪ್ರತಿಬಿಂಬವನ್ನು ಇಲ್ಲದ ಕೈಯ ಜಾಗದಲ್ಲಿ ತೋರಿಸಿ, ಕೆಲವರ ನೋವು ತಗ್ಗಿಸಿದರು. ಕೆಂಚನ ವಿಷಯದಲ್ಲಿ ಈ ಚಿಕಿತ್ಸೆ ಆಗದು. ಕನ್ನಡಿಯಲ್ಲಿ ಕಂಡ ನಾಯಿಗೆ ಅವನು ಬೊಗಳುತ್ತಾನೆ.

ನಾಯಿ "ಇಲ್ಲದ ಪಾದ ನೋಯುತ್ತಿದೆ" ಎಂದು ಹೇಳಲಾರದು. ಕಾಣಿಸುವುದು ಇಷ್ಟೇ: ಮಲಗಿದ್ದ ನಾಯಿ ತಟ್ಟನೆ ಕುಂಯ್ ಎಂದು ಚಿಮ್ಮಿ ಏಳುತ್ತದೆ, ಕಾಲಿಲ್ಲದ ಜಾಗವನ್ನು ಚೇಳು ಕುಟುಕಿದಂತೆ ತಿರುಗಿ ನೋಡುತ್ತದೆ, ಅಲ್ಲಿಂದ ದೂರ ಓಡುತ್ತದೆ. ಅದನ್ನು ಬಿಟ್ಟು ಓಡಲಾಗುವುದಿಲ್ಲ ಎಂದು ಗೊತ್ತಾದಾಗ ನಿಲ್ಲುತ್ತದೆ. ಕೆಂಚ ಹದಿಮೂರನೆಯ ರಾತ್ರಿ ಹೀಗೆ ಎದ್ದ.

ಕಾರಣ ನಾನು. ಒಂಬತ್ತನೆಯ ದಿನ ಗ್ಯಾಬಪೆಂಟಿನ್ ಮುಗಿದಿತ್ತು. ಭಾನುವಾರ, ಮೆಡಿಕಲ್ ಸ್ಟೋರ್ ಮುಚ್ಚಿತ್ತು. ನಾಯಿ ಚೆನ್ನಾಗಿಯೇ ಓಡಾಡುತ್ತಿದೆ, ಸುಮ್ಮನೆ ಯಾಕೆ ಮತ್ತು ಬರಿಸುವುದು ಎಂದುಕೊಂಡೆ. ಸೋಮವಾರ ಸ್ಟೋರ್ ತೆರೆಯಿತು, ನಾನು ಹೋಗಲಿಲ್ಲ. ಅಮ್ಮ ಹೊಗಳಿದ ಸಾಧುತನ ಶುರುವಾದದ್ದು ಅದೇ ಸೋಮವಾರ. ಡಾಕ್ಟರು ಬೈಯಲಿಲ್ಲ. ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು, ಮೆಟ್ಟಿಲಿಳಿದ ಹಾಗೆ ಇಳಿಸಬೇಕು, ಯಾವಾಗ ಇಳಿಸಬೇಕೆಂದು ನಾನು ಹೇಳುತ್ತೇನೆ ಎಂದಷ್ಟೇ ಹೇಳಿ ಮತ್ತೆ ಬರೆದುಕೊಟ್ಟರು. ನಾಲ್ಕನೆಯ ದಿನ ನನ್ನ ಎಡಗಾಲಿನ ಚಪ್ಪಲಿ ಕಾಣೆಯಾಯಿತು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಬರಿಗಾಲಿನಲ್ಲಿ ಕೆಲಸಕ್ಕೆ ಹೊರಟಿರಲಿಲ್ಲ.

9. ದೋಷ ನಿವಾರಣೆ

ಮೂರು ದಿನವಾದರೂ ಕಕ್ಕಸಿಲ್ಲ. ಬಲವಾದ ನೋವುನಿವಾರಕಗಳು ಕರುಳನ್ನೂ ಮಲಗಿಸುತ್ತವೆ, ಆಪರೇಷನ್ನಿಗೆ ಮುಂಚೆ ಉಪವಾಸವೂ ಇತ್ತು. ನೀರು ಕುಡಿಸಿ, ನಾಲ್ಕು ದಿನ ದಾಟಿದರೆ ಫೋನ್ ಮಾಡಿ.

ಹೊಲಿಗೆಯ ಕೆಳಗೆ ನೀರಿನ ಬಲೂನಿನಂಥ ಮೆತ್ತನೆ ಊತ. ಖಾಲಿಯಾದ ಜಾಗದಲ್ಲಿ ದ್ರವ ತುಂಬಿರಬಹುದು. ಸಾಮಾನ್ಯವಾಗಿ ಮೈಯೇ ಹೀರಿಕೊಳ್ಳುತ್ತದೆ. ಸೂಜಿ ಹಾಕಿ ತೆಗೆಯಲು ನೀವು ಹೊರಡಬೇಡಿ, ಡಾಕ್ಟರಿಗೆ ತೋರಿಸಿ. ಬಿಸಿ, ಕೆಂಪು, ಕೀವು, ದುರ್ವಾಸನೆ, ಬಾಯಿ ಬಿಟ್ಟ ಹೊಲಿಗೆ ಇದ್ದರೆ ಅಂದೇ ಆಸ್ಪತ್ರೆಗೆ.

ಒಸಡು ಬೆಳ್ಳಗಾಗಿದೆ, ಎದ್ದೇಳುತ್ತಿಲ್ಲ. ಕೈಪಿಡಿ ಮುಚ್ಚಿ. ಕಾರು ತೆಗೆಯಿರಿ.

ಮೂಳೆಗಡ್ಡೆಗಾಗಿ ಕಾಲು ತೆಗೆಸಿದ್ದೇವೆ, ಎಷ್ಟು ದಿನ? ದೊಡ್ಡ ತಳಿಗಳಲ್ಲಿ ಬರುವ ಆಸ್ಟಿಯೊಸಾರ್ಕೋಮಾ ಎಂಬ ಈ ಕ್ಯಾನ್ಸರು ಪತ್ತೆಯಾಗುವ ಹೊತ್ತಿಗೆ ಬಹುತೇಕ ನಾಯಿಗಳಲ್ಲಿ ಕಣ್ಣಿಗೆ ಕಾಣದಂತೆ ಹರಡಿರುತ್ತದೆ. ಕಾಲು ತೆಗೆಯುವುದು ಮುಖ್ಯವಾಗಿ ನೋವಿಗೆ ಮದ್ದು. ಕಾಲಷ್ಟೇ ತೆಗೆದರೆ ಸಾಮಾನ್ಯವಾಗಿ ನಾಲ್ಕೈದು ತಿಂಗಳು, ಕೀಮೊಥೆರಪಿಯೂ ಸೇರಿದರೆ ವರ್ಷದ ಹತ್ತಿರ. ಈ ಲೆಕ್ಕ ನಾಯಿಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನೋಯುತ್ತಿದ್ದ ಕಾಲು ಈಗ ನೋಯುತ್ತಿಲ್ಲ ಎಂಬುದು.

10. ಭಾರ ಮಿತಿ

ಮೂರು ಕಾಲಿನ ಮೇಲೆ ಹೆಚ್ಚುವರಿ ಒಂದೊಂದು ಕೆಜಿಯೂ ಉಳಿದ ಕೀಲುಗಳ ತಲೆಗೇ. ಪಕ್ಕೆಲುಬು ಕಣ್ಣಿಗೆ ಕಾಣದಿದ್ದರೂ ಕೈಗೆ ಸಿಗುವಂತಿರಬೇಕು. ಈ ಮಾದರಿಯನ್ನು ಹಾಳು ಮಾಡುವುದು ಅನುಕಂಪ, ಅದು ಬರುವುದು ಬಿಸ್ಕತ್ತಿನ ರೂಪದಲ್ಲಿ. ಹಾಲಿನವರಿಂದ ಒಂದು, ಎದುರು ಮನೆಯ ಮಗುವಿನಿಂದ ಎರಡು, "ಪಾಪ" ಎನ್ನುವ ಪ್ರತಿಯೊಬ್ಬರಿಂದ ಒಂದೊಂದು. ಕೆಂಚ ಒಂದು ತಿಂಗಳಲ್ಲಿ ಹೊಸ ವಿದ್ಯೆ ಕಲಿತ: ಗೇಟಿನ ಮುಂದೆ ಬಲಭಾಗ ಕಾಣುವಂತೆ ತಿರುಗಿ ನಿಲ್ಲುವುದು. ತೂಕ 17 ಮುಟ್ಟಿದಾಗ ಅಮ್ಮ ಗೇಟಿಗೆ ಬೋರ್ಡು ಹಾಕಿದರು: "ನಾಯಿಗೆ ಬಿಸ್ಕತ್ತು ಹಾಕಬೇಡಿ. ಅದಕ್ಕೆ ಮೂರು ಕಾಲು ಇದೆ." ಇಲ್ಲದ ಕಾಲಿನ ಬಗ್ಗೆ ಬರೆಯದೆ ಇರುವ ಮೂರನ್ನು ಎಣಿಸಿದ್ದು ಅಮ್ಮನೇ.

11. ದಿನನಿತ್ಯದ ನಿರ್ವಹಣೆ: ಬಲಗಿವಿ

ಹೊಲಿಗೆ ತೆಗೆದು, ಆಲಿಕೆ ಅಟ್ಟ ಸೇರಿದ ಮೇಲೆ ಒಂದು ಸಂಜೆ ಕೆಂಚ ಕೂತಲ್ಲೇ ಕುತ್ತಿಗೆ ಓರೆ ಮಾಡಿದ. ಕಣ್ಣು ಅರ್ಧ ಮುಚ್ಚಿತು. ಬಲಸೊಂಟದಲ್ಲಿ ಉಳಿದಿದ್ದ ಚಿಕ್ಕ ಮೋಟು ಟಕಟಕಟಕ ಎಂದು ಆಡತೊಡಗಿತು. ಫಿಟ್ಸ್ ಎಂದರು ಅಮ್ಮ. ಭೂತದ ನೋವು ಎಂದೆ ನಾನು, ಅದರ ಬಗ್ಗೆ ಆಗಷ್ಟೇ ಓದಿದ್ದವನು. ಫೋನ್ ಕೈಗೆತ್ತಿಕೊಂಡಾಗ, ಡಾಕ್ಟರು ಕೇಳುವ ಪ್ರಶ್ನೆಗಳು ನೆನಪಾಗಿ ಮೊದಲು ಅವನನ್ನೇ ನೋಡಿದೆ. ಬೆಚ್ಚಿರಲಿಲ್ಲ. ಓಡಲಿಲ್ಲ. ಮೋಟಿನ ಕಡೆ ತಿರುಗಿ ನೋಡಲೂ ಇಲ್ಲ. ತಲೆ ವಾಲಿದ್ದು ಬಲಗಿವಿಯ ಕಡೆಗೆ.

ತುರಿಕೆ. ಕಿವಿ ತುರಿಸುತ್ತಿದೆ, ಕೆರೆಯಲು ಕಾಲು ಕಳಿಸಿದ್ದಾನೆ, ಕಾಲು ತಲುಪುತ್ತಿಲ್ಲ.

ವಿಧಾನ: ಕಾಲಿಲ್ಲದ ಬದಿಯ ಕಿವಿಯನ್ನು ದಿನಕ್ಕೆ ಎರಡು ಸಲ ಮಡಚಿ ನೋಡಿ. ಆ ಬದಿಯಲ್ಲಿ ಕೂತ ಉಣ್ಣೆಯನ್ನು ಅವನು ಕೆರೆದು ಉದುರಿಸಲಾರ. ನಮ್ಮ ಕಡೆ ಉಣ್ಣೆಯಿಂದ ಹರಡುವ ಎರ್ಲಿಕಿಯಾ ಸೋಂಕು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟುಗಳನ್ನು ಇಳಿಸುತ್ತದೆ. ಆಪರೇಷನ್ನಿಗೆ ಮುಂಚೆ ಕೆಂಚನ ರಕ್ತ ಪರೀಕ್ಷಿಸಿದ್ದಕ್ಕೆ ಅದೂ ಒಂದು ಕಾರಣ. ಉಣ್ಣೆ ಸಿಕ್ಕರೆ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಸಿಗದಿದ್ದರೆ ಕಿವಿಯ ಬುಡದಲ್ಲಿ ನಾಲ್ಕು ಬೆರಳಿಂದ ಕೆರೆಯಿರಿ. ಜಾಗ ತಪ್ಪಿದ್ದರೆ ಮೋಟು ಸುಮ್ಮನಿರುತ್ತದೆ. ಸರಿಯಾದ ಜಾಗ ಸಿಕ್ಕಿದೊಡನೆ ನಿಮ್ಮ ಬೆರಳಿನ ಲಯಕ್ಕೆ ಅದೂ ಆಡುತ್ತದೆ, ತಾನೇ ಕೆರೆಯುತ್ತಿರುವ ಹಾಗೆ. ತಡೆಯಬೇಡಿ, ಮರುಗಬೇಡಿ, ಟಿವಿ ನೋಡುತ್ತಾ ಮಾಡಬಹುದು.

ಮೋಟು ನಿಂತ ಮೇಲೆ ಕೈ ತೊಳೆದುಕೊಳ್ಳಿ.